ಅದು ಕೆಟ್ಟಿಲ್ಲ

ಪ್ರತಿ ವರ್ಷ ಆಯುಧಪೂಜೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಗುತ್ತದೆ. ಅಮ್ಮ ನಡುಮನೆಯ ಮೇಜಿನ ಮೇಲೆ ಒಗೆದ ಪಂಚೆ ಹಾಸಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ, ಹೊಲಿಗೆ ಡಬ್ಬಿಯ ಕತ್ತರಿ, ನನ್ನ ಲ್ಯಾಪ್‌ಟಾಪ್, ಅಪ್ಪನ ಎಚ್‌ಎಂಟಿ ಜನತಾ ವಾಚು ಎಲ್ಲವನ್ನೂ ಸಾಲಾಗಿ ಜೋಡಿಸುತ್ತಾಳೆ. ಸಾಲಿನ ತುದಿಯಲ್ಲಿ ಒಂದು ವರ್ಲ್ಡ್‌ಸ್ಪೇಸ್ ರೇಡಿಯೋ. ಬೂದು ಬಣ್ಣದ್ದು. ಪಕ್ಕದಲ್ಲೇ ವೈರು ಸುತ್ತಿಟ್ಟ ಚಪ್ಪಟೆ ಆಂಟೆನಾ. ಅವಕ್ಕೂ ಅರಿಶಿನ, ಕುಂಕುಮ, ಒಂದೊಂದು ಸೇವಂತಿಗೆ. ಆ ರೇಡಿಯೋ ಹಾಡು ನಿಲ್ಲಿಸಿ 15 ವರ್ಷದ ಮೇಲಾಯಿತು.

"ಕೆಲಸ ಮಾಡದೇ ಇರೋದಕ್ಕೆಲ್ಲ ಯಾಕಮ್ಮ ಪೂಜೆ? ಈ ಸಲ ಗುಜರಿಗೆ ಹಾಕ್ತೀನಿ ನೋಡು" ಅನ್ನುವುದು ನನ್ನ ಪಾಲಿನ ಮಾತು. "ಅದೇನ್ ಕೆಟ್ಟಿದ್ಯಾ? ಕೆಟ್ಟಿಲ್ವಲ್ಲ" ಅನ್ನುವುದು ಅಮ್ಮನದು. ಅಲ್ಲಿಗೆ ಜಗಳ ಮುಗಿಯುತ್ತದೆ. ರೇಡಿಯೋ ಮತ್ತೆ ಒಂದು ವರ್ಷಕ್ಕೆ ಅಟ್ಟ ಸೇರುತ್ತದೆ.

ಅವಳು ಹೇಳುವುದು ನಿಜವೇ. ಪ್ಲಗ್ ಹಾಕಿದರೆ ದೀಪ ಹತ್ತುತ್ತದೆ. ಪುಟ್ಟ ಪರದೆಯಲ್ಲಿ ಅಕ್ಷರ ಮೂಡುತ್ತದೆ. ಸೆಟ್ಟು ಸಿಗ್ನಲ್ ಹುಡುಕಲು ಶುರು ಮಾಡುತ್ತದೆ, ಹುಡುಕುತ್ತಲೇ ಇರುತ್ತದೆ. ಅದರ ಯಾವ ಭಾಗವೂ ಸುಟ್ಟಿಲ್ಲ, ಯಾವ ಗುಂಡಿಯೂ ಕಿತ್ತು ಬಂದಿಲ್ಲ. ಅದಕ್ಕೆ ಹಾಡು ಕಳಿಸುತ್ತಿದ್ದವರು ಹೋಗಿಬಿಟ್ಟರು, ಅಷ್ಟೇ. ಇದನ್ನು ಕೆಟ್ಟಿದೆ ಅನ್ನಬೇಕೋ ಬೇಡವೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ವರ್ಷಕ್ಕೊಂದು ಸಲ ಈ ಪ್ರಶ್ನೆ ಬಂದು ಮುಂದೆ ಕೂರುತ್ತದೆ. ಜೊತೆಗೆ ಇನ್ನೊಂದು ವಿಷಯವೂ ಬರುತ್ತದೆ. ಅದನ್ನು ಅಮ್ಮನ ಹತ್ತಿರ ಇದುವರೆಗೂ ಹೇಳಿಲ್ಲ.

ಪೂರ್ವದ ಕಿಟಕಿ

ವರ್ಲ್ಡ್‌ಸ್ಪೇಸ್ ಅಂದರೆ ಏನು ಅಂತ ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವರಿಗೆ ಹೇಳಬೇಕು. ಉಪಗ್ರಹದಿಂದ ನೇರವಾಗಿ ಮನೆಗೆ ಬರುತ್ತಿದ್ದ ಡಿಜಿಟಲ್ ರೇಡಿಯೋ ಅದು. ಟಿವಿಗೆ ಡಿಶ್ ಇದ್ದ ಹಾಗೆ ರೇಡಿಯೋಗೆ. ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಬೇಕು. ಸಂಗೀತದ ಚಾನೆಲ್‌ಗಳಲ್ಲಿ ಜಾಹೀರಾತು ಇಲ್ಲ. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಂಧರ್ವ್, ಹಳೇ ಹಿಂದಿ ಹಾಡಿಗೆ ಫರಿಶ್ತಾ, ಕನ್ನಡಕ್ಕೆ ಸ್ಪರ್ಶ. ಎ.ಆರ್. ರೆಹಮಾನ್ ಜಾಹೀರಾತಿನಲ್ಲಿ ಬರುತ್ತಿದ್ದರು, ಅವರೇ ಮಾಡಿದ ಟ್ಯೂನ್ ಕೂಡ ಇತ್ತು. ಭಾರತದ ಕಚೇರಿ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. ನನಗೆ ಬೇಕಾಗಿದ್ದು ಇದ್ಯಾವುದೂ ಅಲ್ಲ. ಆರ್ಬಿಟ್ ರಾಕ್ ಅಂತ ಒಂದು ಚಾನೆಲ್ ಇತ್ತು. ದಿನದ 24 ಗಂಟೆಯೂ ರಾಕ್. ನಾನು ಸೆಟ್ ತಂದದ್ದು ಅದೊಂದಕ್ಕೇ.

ಆಗ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. 2005ರ ಕೊನೆ. ಅಲ್ಲಿಯವರೆಗೆ ನನ್ನ ರಾಕ್ ಅಂದರೆ ಬ್ರಿಗೇಡ್ ರೋಡಿನ ಅಂಗಡಿಯಲ್ಲಿ ಕೊಂಡ ನಾಲ್ಕೈದು ಕ್ಯಾಸೆಟ್ಟು, ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದ ಸಿಡಿ, ರೆಸ್ಟ್ ಹೌಸ್ ರೋಡಿನ ಪಬ್ಬು ಪೆಕೋಸ್‌ನಲ್ಲಿ ಕೂತಾಗ ಕಿವಿಗೆ ಬಿದ್ದಷ್ಟು. 2001ರಲ್ಲಿ ರೇಡಿಯೋ ಸಿಟಿ ಶುರುವಾದಾಗ ಏನೋ ಆಸೆ ಹುಟ್ಟಿತ್ತು. ದೇಶದ ಮೊದಲ ಖಾಸಗಿ ಎಫ್‌ಎಂ, ಅದೂ ನಮ್ಮೂರಲ್ಲಿ. ಆದರೆ ಎಫ್‌ಎಂನವರು ಊರಿಗೆಲ್ಲ ಬೇಕಾದ್ದನ್ನು ಹಾಕಬೇಕು. ನನ್ನಂಥವನೊಬ್ಬನಿಗಾಗಿ ಎಂಟು ನಿಮಿಷದ ಗಿಟಾರು ಯಾಕೆ ಹಾಕುತ್ತಾರೆ?

ಸೆಟ್ ಮನೆಗೆ ಬಂದ ಭಾನುವಾರ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಆಂಟೆನಾಗೆ ಆಕಾಶ ಕಾಣಬೇಕು, ಗೋಡೆ ಅಡ್ಡ ಬರಬಾರದು, ಪೂರ್ವಕ್ಕೆ ಮುಖ ಮಾಡಿ ಸ್ವಲ್ಪ ದಕ್ಷಿಣಕ್ಕೆ ವಾಲಿಸಬೇಕು ಅಂತ ಅಂಗಡಿಯವನು ಹೇಳಿ ಕಳಿಸಿದ್ದ. ಅಪ್ಪ ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಇದ್ದವರು. "ಸ್ವಲ್ಪ" ಅಂದರೆ ಎಷ್ಟು ಅಂತ ಗೊತ್ತಾಗದೆ ಅವರಿಂದ ಯಾವ ಕೆಲಸಕ್ಕೂ ಕೈ ಹಾಕಲು ಆಗುತ್ತಿರಲಿಲ್ಲ. ಬೀರುವಿನಿಂದ ದಿಕ್ಸೂಚಿ ತೆಗೆದರು. ನನ್ನ ಹೈಸ್ಕೂಲಿನ ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕ ಹುಡುಕಿ ತಂದರು. ಮೊದಲು ತಾರಸಿಗೆ ಹೋದರು. ಅಲ್ಲಿಂದ ಕೂಗಿದರು, "ಬಂತಾ?" ಅಡುಗೆಮನೆಯಲ್ಲಿ ಸೆಟ್ ಹಿಡಿದು ಕೂತಿದ್ದ ನಾನು "ಇಲ್ಲ" ಅಂದೆ. "ಈಗ?" "ಇಲ್ಲ." ನಡುವೆ ಅಮ್ಮ, "ನೀವಿಬ್ರೂ ಕೂಗೋದು ಕೇಳಿದ್ರೆ ಬೀದಿಯವ್ರು ಏನೋ ಅಂತ ಓಡಿ ಬರ್ತಾರೆ" ಅಂತ ಬೈದಳು. ಆಮೇಲೆ ಗೊತ್ತಾಯಿತು, ತಾರಸಿ ಬೇಕಾಗಿಯೇ ಇರಲಿಲ್ಲ. ಅಡುಗೆಮನೆಯ ಪೂರ್ವದ ಕಿಟಕಿ ಸಾಕಾಗಿತ್ತು. ಸರಳಿಗೆ ಆಂಟೆನಾ ಒರಗಿಸಿ, ಕೆಳಗೆ ಒಂದು ಇಂಗಿನ ಡಬ್ಬಿ ಒತ್ತು ಕೊಟ್ಟಾಗ ಪರದೆಯ ಗೆರೆಗಳು ಒಂದೊಂದಾಗಿ ಎದ್ದು ನಿಂತವು.

ಹಾಡು ಬಂತು. ಕೊರಕೊರ ಇಲ್ಲ, ತೇಲಾಟ ಇಲ್ಲ. ಅಪ್ಪನ ಹಳೇ ರೇಡಿಯೋದಲ್ಲಿ ಸ್ಟೇಷನ್ ಹಿಡಿಯುವುದೆಂದರೆ ಮೊದಲು ಸೀಟಿ, ಆಮೇಲೆ ಮಳೆ ಸದ್ದು, ಅದರೊಳಗಿಂದ ಮನುಷ್ಯರ ದನಿ. ಇಲ್ಲಿ ಅದೆಲ್ಲ ಇಲ್ಲ. ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಏನೂ ಇಲ್ಲ. ಗಾಳಿಗೆ ಎದುರುಮನೆಯ ತೆಂಗಿನ ಗರಿ ಅಡ್ಡ ಬಂದರೆ ಹಾಡು ಕತ್ತರಿಸಿದ ಹಾಗೆ ನಿಂತು, ಗರಿ ಸರಿದ ಮೇಲೆ ಮುಂದುವರಿಯುತ್ತಿತ್ತು. ಸುಮಾರು 36,000 ಕಿಲೋಮೀಟರ್ ದೂರದಿಂದ ಬಂದ ಗಿಟಾರನ್ನು ಒಂದು ತೆಂಗಿನ ಗರಿ ತಡೆಯುತ್ತದಲ್ಲ ಅಂತ ಅಪ್ಪನಿಗೆ ಬಹಳ ಖುಷಿಯಾಗಿತ್ತು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಶ್ರುತಿ ಮತ್ತು ಆರ್ಬಿಟ್

ಸೆಟ್ ಒಂದೇ. ಅದೂ ಅಡುಗೆಮನೆಯ ಕಿಟಕಿಯಲ್ಲಿ. ಅಂದಮೇಲೆ ಮುಂದಿನದು ಊಹಿಸಬಹುದು. ಬೆಳಿಗ್ಗೆ ಐದೂವರೆಯಿಂದ ಶ್ರುತಿ. ಕಾಫಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಯಾವುದೋ ಹಳೆಯ ಕಛೇರಿ. ನಾನು ಆಫೀಸಿನಿಂದ ಬರುವುದು ರಾತ್ರಿ ಒಂಬತ್ತಕ್ಕೆ. ಊಟ ಬಡಿಸುವಾಗ ಅಮ್ಮನೇ ಚಾನೆಲ್ ಬದಲಿಸಿ ಇಟ್ಟಿರುತ್ತಿದ್ದಳು. ಮೊದಮೊದಲು "ಅದೇನ್ ಅರಚ್ತಾರೋ ಅವ್ರು, ಯಾರಾದ್ರೂ ಹೊಡೀತಿದ್ದಾರಾ?" ಅನ್ನುತ್ತಿದ್ದಳು. ಒಂದೆರಡು ತಿಂಗಳಾದ ಮೇಲೆ ಆ ಮಾತು ನಿಂತಿತು. ಒಂದು ದಿನ ಚಪಾತಿ ಲಟ್ಟಿಸುತ್ತ, "ಇವನು ನಿನ್ನೆ ಬಂದಿದ್ನಲ್ಲ, ಅವನೇ ಅಲ್ವಾ? ಗಂಟಲು ಕಟ್ಟಿದೋನು" ಅಂದಳು. ಸರಿಯಾಗಿ ಗುರುತಿಸಿದ್ದಳು. ಅದೇ ಬ್ಯಾಂಡು. ಹೆಸರು ಬೇಡ ಬಿಡಿ, ಅವರ ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೆ.

ಹಾಡಿನ ಹೆಸರು ಕೇಳಿಸಿಕೊಳ್ಳುವುದೇ ಒಂದು ಕಷ್ಟ. ನಿರೂಪಕ ಅಪರೂಪಕ್ಕೆ ಬಾಯಿ ಬಿಡುವುದು. ಬಿಟ್ಟಾಗಲೇ ಕುಕ್ಕರ್ ಕೂಗುವುದು. ಹಾಗಾಗಿ ಹಾಡಿನ ಒಂದು ಸಾಲನ್ನು ಕರೆಂಟ್ ಬಿಲ್ಲಿನ ಹಿಂದೆ ಕನ್ನಡದಲ್ಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಕಿವಿಗೆ ಹೇಗೆ ಬಿತ್ತೋ ಹಾಗೆ. ಮಾರನೇ ದಿನ ಆಫೀಸಿನಲ್ಲಿ ಅದನ್ನು ಇಂಗ್ಲಿಷಿಗೆ ತಂದು ಗೂಗಲ್‌ನಲ್ಲಿ ಹುಡುಕುವುದು. ಅರ್ಧದಷ್ಟು ಸಲ ಏನೂ ಸಿಗುತ್ತಿರಲಿಲ್ಲ. ನಾನು ಕೇಳಿಸಿಕೊಂಡಿದ್ದೇ ತಪ್ಪಾಗಿರುತ್ತಿತ್ತು. ಆ ಬಿಲ್ಲುಗಳು ಕೆಲವು ಇನ್ನೂ ಇವೆ. ಈಗ ಓದಿದರೆ ಮಂತ್ರವಾದಿಯ ಚೀಟಿಯ ಹಾಗೆ ಕಾಣುತ್ತವೆ.

ಬೇಕಾದ ಹಾಡು ಹಾಕಿಸಿಕೊಳ್ಳುವ ದಾರಿ ನನಗಿರಲಿಲ್ಲ ಅನ್ನುವುದೇ ಅದರ ಸೊಗಸಾಗಿತ್ತು ಅಂತ ಈಗ ಸುಲಭವಾಗಿ ಹೇಳಬಹುದು. ಆಗ ಹಾಗನ್ನಿಸುತ್ತಿರಲಿಲ್ಲ. ಮೂರು ವಾರ ಕಾದರೂ ಕೇಳಬೇಕೆಂದ ಹಾಡು ಬರದಿದ್ದರೆ ಸಿಟ್ಟು ಬರುತ್ತಿತ್ತು. ಈಗಿನ ನೆನಪಿಗೆ ಆಗಿನ ಸಿಟ್ಟು ಇರುವುದಿಲ್ಲ ಅಲ್ವಾ. ಅದಕ್ಕೇ ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರ ಮಾತನ್ನು, ನನ್ನದೂ ಸೇರಿ, ನಾನು ಪೂರ್ತಿ ನಂಬುವುದಿಲ್ಲ.

ಆಫ್ರಿಕಾಕ್ಕೆ ಹೊರಟ ರೇಡಿಯೋ

ಇದರ ಹುಟ್ಟಿನ ಕಥೆ ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಇಥಿಯೋಪಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ವಕೀಲಿ ಓದಿದ ನೋವಾ ಸಮಾರ ಅನ್ನುವವರು 1990ರಲ್ಲಿ ಈ ಕಂಪನಿ ಕಟ್ಟಿದರು. ಅವರ ತಲೆಯಲ್ಲಿ ಇದ್ದದ್ದು ರಾಕ್ ಅಲ್ಲ, ಸಂಗೀತವೂ ಅಲ್ಲ. ಆಫ್ರಿಕಾದಲ್ಲಿ ಏಡ್ಸ್ ಹಬ್ಬುತ್ತಿತ್ತು. ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಊರೂರಿಗೆ ಟವರ್ ಹಾಕುವ ಬದಲು ಆಕಾಶದಲ್ಲಿ ಒಂದು ನಿಲ್ಲಿಸಿದರೆ ಇಡೀ ಖಂಡಕ್ಕೆ ಸಾಕಲ್ಲ ಅನ್ನುವುದು ಲೆಕ್ಕ. 1998ರ ಅಕ್ಟೋಬರಿನಲ್ಲಿ ಆಫ್ರಿಸ್ಟಾರ್ ಹಾರಿತು. 2000ದ ಮಾರ್ಚಿನಲ್ಲಿ ಏಷ್ಯಾಸ್ಟಾರ್. ಎರಡೂ ಹೊರಟಿದ್ದು ಫ್ರೆಂಚ್ ಗಯಾನಾದ ಕೂರೂನಿಂದ, ಏರಿಯಾನ್ ರಾಕೆಟ್ಟಿನಲ್ಲಿ. ದಕ್ಷಿಣ ಅಮೆರಿಕಕ್ಕೆ ಅಂತ ಅಮೆರಿಸ್ಟಾರ್ ಒಂದು ಯೋಜನೆಯಲ್ಲಿತ್ತು, ಅದು ಹಾರಲೇ ಇಲ್ಲ.

ನಮ್ಮ ಕಿಟಕಿ ನೋಡುತ್ತಿದ್ದದ್ದು ಏಷ್ಯಾಸ್ಟಾರನ್ನು. 105 ಡಿಗ್ರಿ ಪೂರ್ವ ರೇಖಾಂಶ, ಅಂದರೆ ಸುಮಾತ್ರಾದ ಪಕ್ಕದಲ್ಲಿ, ಸಮಭಾಜಕದ ನೆತ್ತಿಯ ಮೇಲೆ. ಹಳ್ಳಿಯ ಬಡವರಿಗೆ ಅಂತ ಹೊರಟ ರೇಡಿಯೋ ಕೊನೆಗೆ ರಾಜಾಜಿನಗರದ ಸಾಫ್ಟ್‌ವೇರ್ ಹುಡುಗನಿಗೆ ಗಿಟಾರ್ ಕೇಳಿಸುವಲ್ಲಿಗೆ ಬಂತು. ಇದನ್ನು ಓದಿದಾಗ ನನಗೆ ಒಂಥರಾ ಮುಜುಗರವಾಯಿತು. ಯಾರದೋ ಶ್ರಾದ್ಧದ ಊಟಕ್ಕೆ ಕರೆಯದೆ ಹೋಗಿ ಪಾಯಸ ಚೆನ್ನಾಗಿದೆ ಅಂದ ಹಾಗೆ. ಆದರೆ ಸೆಟ್ಟಿನ ಬೆಲೆಯೇ ಆ ಹಳ್ಳಿಗಳಿಗೆ ಎಟುಕುವಂತಿರಲಿಲ್ಲ. ಕಂಪನಿಗೆ ದುಡ್ಡು ಬೇಕಿತ್ತು. ದುಡ್ಡು ಕೊಟ್ಟು ಕೇಳುವವರು ಸಿಕ್ಕಿದ್ದು ಇಲ್ಲಿ. ಮೊದಲು ಬಿಟ್ಟಿ ಇದ್ದದ್ದಕ್ಕೆ ಚಂದಾ ಬಂತು. 2005ರ ಆಗಸ್ಟಿನಲ್ಲಿ ಅಮೆರಿಕದ ಶೇರುಪೇಟೆ ನ್ಯಾಸ್‌ಡ್ಯಾಕ್‌ನಲ್ಲಿ ಶೇರು ಬಂತು, ತಲಾ 21 ಡಾಲರಿಗೆ.

ಅಷ್ಟೆಲ್ಲ ಮಾಡಿ, ಎರಡು ಉಪಗ್ರಹ ಆಫ್ರಿಕಾ, ಏಷ್ಯಾ ಎಲ್ಲ ಹೊದ್ದು ನಿಂತಿದ್ದರೂ, ಚಂದಾದಾರರ ಸಂಖ್ಯೆ ಏರಿ ಏರಿ ಮುಟ್ಟಿದ್ದು ಸುಮಾರು 1.7 ಲಕ್ಷ. ಅವರಲ್ಲಿ ಬಹುಪಾಲು ಭಾರತದವರು. ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಅದಕ್ಕಿಂತ ಜಾಸ್ತಿ ಮತದಾರರಿದ್ದಾರೆ.

ಹುಬ್ಬಳ್ಳಿಯ ಹುಡುಗ

ಆ 1.7 ಲಕ್ಷದಲ್ಲಿ ಒಬ್ಬನನ್ನು ನಾನು ಕಂಡಿದ್ದೇನೆ. 2007ರ ಮಾರ್ಚ್ 17, ಶನಿವಾರ. ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಇಂಗ್ಲೆಂಡಿನ ಮೆಟಲ್ ಬ್ಯಾಂಡು ಐರನ್ ಮೇಡನ್. ಆ ಹೊತ್ತಿಗೆ ಆ ಮೈದಾನ ರೋಜರ್ ವಾಟರ್ಸ್‌ನನ್ನು ನೋಡಿತ್ತು, ರೋಲಿಂಗ್ ಸ್ಟೋನ್ಸ್ ಬಂದು ಹೋಗಿತ್ತು. ಆದರೆ ಮೇಡನ್ ಅಂದರೆ ಬೇರೆಯೇ. ಬಿಸಿಲಲ್ಲಿ ಕರಿ ಟೀಶರ್ಟುಗಳ ಸಾಲು ಹೊರಗೆ ರಸ್ತೆಯವರೆಗೂ ಬೆಳೆದಿತ್ತು. ನನ್ನ ಮುಂದೆ ನಿಂತವನ ಬೆನ್ನಿಗೆ ಕಾಲೇಜು ಬ್ಯಾಗು, ಬ್ಯಾಗಿನ ಬಾಯಿಂದ ಇಣುಕುತ್ತಿದ್ದ ನೀರಿನ ಬಾಟಲಿಗೆ ಒದ್ದೆ ಕರ್ಚೀಫು ಸುತ್ತಿತ್ತು. ಗೇಟಿನಲ್ಲಿ ಬಾಟಲಿ ಒಳಗೆ ಬಿಡುವುದಿಲ್ಲ ಅಂದೆ. "ಹಂಗಾರ ಇಲ್ಲೇ ಕುಡದು ಮುಗಸೂಣು, ತಗೋರಿ" ಅಂತ ನನಗೂ ಕೊಟ್ಟ. ಹುಬ್ಬಳ್ಳಿಯವನು. ರಾತ್ರಿ ರೈಲಿಗೆ ಬಂದು, ಸ್ಟೇಷನ್ನಿನಲ್ಲೇ ಮುಖ ತೊಳೆದು, ಬೆಳಿಗ್ಗೆಯಿಂದ ಅಲ್ಲೇ ಅಡ್ಡಾಡುತ್ತಿದ್ದ.

ಹುಬ್ಬಳ್ಳಿಯಲ್ಲಿ ಇದನ್ನೆಲ್ಲ ಹೇಗೆ ಕೇಳುತ್ತೀರಿ ಅಂತ ಕೇಳಿದೆ. ಬೆಂಗಳೂರಿನವನ ದಡ್ಡ ಪ್ರಶ್ನೆ. ಅವನು ನನ್ನನ್ನು ಒಂದು ಕ್ಷಣ ನೋಡಿ, "ನಮ್ಮಲ್ಲೂ ಆಕಾಶ ಐತ್ರಿ" ಅಂದ. ಆಮೇಲೆ ತಿಳಿಯಿತು. ಅವನ ಮಾವನ ಮನೆಯಲ್ಲಿ ವರ್ಲ್ಡ್‌ಸ್ಪೇಸ್ ಸೆಟ್ ಇತ್ತು. ಮಾವ ಗಂಧರ್ವ್ ಕೇಳಲು ತಂದಿದ್ದು. ಧಾರವಾಡದ ಕಡೆಯವರು, ಹಿಂದೂಸ್ತಾನಿಯ ಹುಚ್ಚು ಇರಲೇಬೇಕಲ್ಲ. ಇವನು ರಾತ್ರಿ ಅಭ್ಯಾಸದ ನೆಪ ಹೇಳಿ ಅಲ್ಲಿಗೆ ಹೋಗಿ ಮಲಗುತ್ತಿದ್ದ. ನೀರಿನ ಟ್ಯಾಂಕಿನ ಮೇಲೆ ಆಂಟೆನಾ ಕಟ್ಟಿ, ಉದ್ದ ವೈರು ಎಳೆದು, ಹೆಡ್‌ಫೋನ್ ಹಾಕಿಕೊಂಡು ಆರ್ಬಿಟ್.

ನಾವಿಬ್ಬರೂ ಲೆಕ್ಕ ಹಾಕಿದೆವು. ಹಿಂದಿನ ಭಾನುವಾರ ರಾತ್ರಿ ಹನ್ನೊಂದರ ಮೇಲೆ ಒಂದು ಉದ್ದದ ಹಾಡು ಬಂದಿತ್ತಲ್ಲ, ಕೊನೆಗೆ ಬರೀ ಡ್ರಮ್ಸ್ ಉಳಿಯುತ್ತದಲ್ಲ? ಹೌದು, ಹೌದು, ಅದೇ. ಅವನೂ ಎದ್ದಿದ್ದ, ನಾನೂ ಎದ್ದಿದ್ದೆ. ಅವನಿಗೆ ಅದರ ಹೆಸರು ಗೊತ್ತಿರಲಿಲ್ಲ, ನನ್ನ ಕರೆಂಟ್ ಬಿಲ್ಲಿನಲ್ಲಿ ಅದರ ಒಂದು ಸಾಲು ಇತ್ತು. ಇಬ್ಬರೂ ಸೇರಿ ಆ ಸಾಲನ್ನು ಕೆಟ್ಟದಾಗಿ ಹಾಡಿದೆವು. ಹಿಂದೆ ನಿಂತಿದ್ದವನೊಬ್ಬ ತಡೆಯಲಾರದೆ ಹೆಸರು ಹೇಳಿಬಿಟ್ಟ. ಗೇಟು ತೆರೆದ ಮೇಲೆ ನೂಕುನುಗ್ಗಲಿನಲ್ಲಿ ಅವನು ಎಲ್ಲಿ ಹೋದನೋ. ಫೋನ್ ನಂಬರ್ ತೆಗೆದುಕೊಳ್ಳಬೇಕು ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಈಗ ಯೋಚಿಸಿದರೆ, ಆ ಸ್ಟೇಷನ್ನು ನಿಜಕ್ಕೂ ಅವನದಾಗಿತ್ತು. ನನಗೆ ಪೆಕೋಸ್ ಇತ್ತು, ಸಿಡಿ ಅಂಗಡಿ ಇತ್ತು, ಆಗಸ್ಟ್ 15ಕ್ಕೆ ಬ್ಯಾಂಡುಗಳೆಲ್ಲ ಸೇರಿ ನುಡಿಸುವ ಫ್ರೀಡಂ ಜಾಮ್ ಇತ್ತು, 2006ರ ಹೊತ್ತಿಗೆ ಇಂಗ್ಲಿಷ್ ಹಾಡಿಗೇ ಅಂತ ರೇಡಿಯೋ ಇಂಡಿಗೋ ಕೂಡ ಬಂದಿತ್ತು. ಅವನಿಗೆ ಇದ್ದದ್ದು ಟ್ಯಾಂಕಿನ ಮೇಲಿನ ಆ ಒಂದು ಹಲಗೆ. ಎಫ್‌ಎಂ ಊರಿನ ಗಡಿ ದಾಟುತ್ತಿರಲಿಲ್ಲ. ಉಪಗ್ರಹಕ್ಕೆ ಬೆಂಗಳೂರೂ ಒಂದೇ, ಹುಬ್ಬಳ್ಳಿಯೂ ಒಂದೇ.

ಕಾರಿಗೆ ಬರಲಿಲ್ಲ

ಯಾಕೆ ಮುಚ್ಚಿತು ಅನ್ನುವುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಉತ್ತರ ಇದೆ. ಸಾಲ ಅನ್ನುತ್ತಾರೆ. ನಿಜ. 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕುವಾಗ ಸಾಲ 2 ಬಿಲಿಯನ್ ಡಾಲರ್ ದಾಟಿತ್ತು. ಅದು ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳೇ ಮಗುಚಿದ ಹೊತ್ತು, ರೇಡಿಯೋಗೆ ಯಾರು ಕೈ ಕೊಡುತ್ತಾರೆ? ಎಫ್‌ಎಂ ಬಿಟ್ಟಿಯಾಗಿ ಸಿಗುವಾಗ ದುಡ್ಡು ಕೊಟ್ಟು ಯಾರು ಕೇಳುತ್ತಾರೆ ಅನ್ನುವವರೂ ಇದ್ದಾರೆ. ಅದೂ ನಿಜ.

ನನಗೆ ಮಾತ್ರ ಆ ಕಿಟಕಿಯೇ ಕಾರಣ ಅನ್ನಿಸುತ್ತದೆ. ಕೇಳಬೇಕಾದರೆ ಮನೆಯಲ್ಲಿ ಇರಬೇಕು, ಮನೆಗೆ ಪೂರ್ವದ ಕಿಟಕಿ ಇರಬೇಕು, ಕಿಟಕಿಗೆ ಆಕಾಶ ಇರಬೇಕು. ನಾನಾದರೋ ದಿನಕ್ಕೆ ಮೂರು ಗಂಟೆ ರಾಜಾಜಿನಗರಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ಟ್ರಾಫಿಕ್ಕಿನಲ್ಲಿ ಇರುತ್ತಿದ್ದೆ. ಹಾಡು ಬೇಕಾಗಿದ್ದದ್ದು ಅಲ್ಲಿ. ಓಡುವ ಗಾಡಿಯಲ್ಲಿ, ಕಟ್ಟಡಗಳ ಸಂದಿಯಲ್ಲಿ ಉಪಗ್ರಹದ ಸಿಗ್ನಲ್ ಸಿಗಬೇಕಾದರೆ ಊರೊಳಗೆ ನೆಲದ ಮೇಲೆ ಮರುಪ್ರಸಾರದ ಟವರುಗಳು ಬೇಕು. ಅದಕ್ಕೆ ಸರ್ಕಾರದ ಅನುಮತಿ ಬೇಕು. ಅದು ಕೊನೆಯವರೆಗೂ ಬರಲಿಲ್ಲ. ಅಮೆರಿಕದ ಉಪಗ್ರಹ ರೇಡಿಯೋ ಎಕ್ಸ್‌ಎಂ ಶುರುವಾಗುವಾಗ ಅದರಲ್ಲಿ ವರ್ಲ್ಡ್‌ಸ್ಪೇಸ್‌ನದೂ ಪಾಲಿತ್ತು. ಒಂದೇ ಬಳ್ಳಿಯ ಕಾಯಿ. ಅದು ಕಾರಿನೊಳಗೆ ಹೋಗಿ ಕೂತಿತು. 2008ರಲ್ಲಿ ಅಲ್ಲಿಯದೇ ಇನ್ನೊಂದು ಉಪಗ್ರಹ ರೇಡಿಯೋ ಸಿರಿಯಸ್ ಜೊತೆ ಸೇರಿ ಇವತ್ತಿಗೂ ಮೂರು ಕೋಟಿಗೂ ಜಾಸ್ತಿ ಚಂದಾದಾರರನ್ನು ಇಟ್ಟುಕೊಂಡಿದೆ. ಇದು ಅಡುಗೆಮನೆಯ ಕಿಟಕಿಯಲ್ಲೇ ಉಳಿಯಿತು.

ಕಿಟಕಿಯೂ ಉಳಿಯಲಿಲ್ಲ ಅನ್ನಿ. 2008ರ ಬೇಸಿಗೆಯಲ್ಲಿ ಪಕ್ಕದ ಹೆಂಚಿನ ಮನೆಯನ್ನು ಕೆಡವಿದರು. ನಾಲ್ಕು ಮಹಡಿ ಏಳಲು ಶುರುವಾಯಿತು. ನಮ್ಮೂರಲ್ಲಿ ಕಟ್ಟಡ ಅಂದರೆ ಕೈ ಚಾಚಿದರೆ ಪಕ್ಕದವರ ಒಗ್ಗರಣೆ ಸೌಟು ಸಿಗಬೇಕು, ಹಾಗೆ. ಎರಡನೇ ಮಹಡಿಯ ಮೋಲ್ಡ್ ಆದ ದಿನ ಗೆರೆಗಳು ಕಮ್ಮಿಯಾದವು. ಮೂರನೆಯದಕ್ಕೆ ಶ್ರುತಿ ತಡವರಿಸಿತು. ಅಪ್ಪ ಮತ್ತೆ ಕೋನಮಾಪಕ ತೆಗೆದುಕೊಂಡು ತಾರಸಿಗೆ ಹೋದರು, ಈ ಸಲ ಹದಿನೈದು ಮೀಟರ್ ವೈರು ಎಳೆದರು. ನಾನು ಹೋಗಲಿಲ್ಲ. ಸಹಾಯಕ್ಕೆ ಕರೆದರು, ಹತ್ತು ನಿಮಿಷ ಅಂದೆ. ಆಮೇಲೆ ಮರೆತೆ.

ಮೊದಲೇ ಬಿಟ್ಟವನು

ಅಮ್ಮನಿಗೆ ಹೇಳದ ವಿಷಯ ಇದೇ. ಸ್ಟೇಷನ್ ಮುಚ್ಚುವುದಕ್ಕೆ ಒಂದೂವರೆ ವರ್ಷ ಮೊದಲೇ ನಾನು ಅದನ್ನು ಬಿಟ್ಟಿದ್ದೆ. ಆಫೀಸಿನಲ್ಲಿ ಯಾರೋ ಒಂದು ಹಾರ್ಡ್‌ಡಿಸ್ಕ್ ತಂದಿದ್ದರು. ಸಾವಿರಾರು ಹಾಡು, ಅಕ್ಷರಾನುಕ್ರಮದಲ್ಲಿ. ಒಂದು ಮಧ್ಯಾಹ್ನ ಎಲ್ಲವನ್ನೂ ನಕಲು ಮಾಡಿಕೊಂಡೆ. ಮೂರು ವರ್ಷ ಕಾದು ಕೇಳಿದ ಹಾಡುಗಳೆಲ್ಲ ಒಂದು ಊಟದ ಹೊತ್ತಿನಲ್ಲಿ ನನ್ನವಾದವು. ತಮಾಷೆ ನೋಡಿ, ವರ್ಲ್ಡ್‌ಸ್ಪೇಸ್ ಆಕಾಶದಿಂದ ಇಳಿಸುತ್ತಿದ್ದದ್ದೂ ಎಂಪಿ3 ರೂಪದಲ್ಲೇ. ಉಪಗ್ರಹದಿಂದ ಬರುತ್ತಿದ್ದ ಸಾಮಾನೂ ಜೇಬಿಗೆ ಬಂದ ಸಾಮಾನೂ ಒಂದೇ.

ನಾನು ಬಿಟ್ಟೆ ಅಂತ ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ರಾತ್ರಿ ಊಟಕ್ಕೆ ಬಂದಾಗ ಅಮ್ಮ ಎಂದಿನಂತೆ ಆರ್ಬಿಟ್ ಹಾಕಿರುತ್ತಿದ್ದಳು, ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಉಣ್ಣುತ್ತಿದ್ದೆ. ಚಂದಾ ತೀರುವ ತಿಂಗಳು ಬಂತು. "ರೇಡಿಯೋಗೆ ದುಡ್ಡು ಕಟ್ಟಿದ್ಯೇನೋ?" ಅಂದಳು. ನಾಳೆ ಅಂದೆ. ಒಂದು ವಾರ ಕಳೆದ ಮೇಲೆ ಅಪ್ಪನ ಕೈಯಲ್ಲಿ ಅವಳೇ ಕಟ್ಟಿಸಿದ್ದಳು. ಸಾಸಿವೆ ಡಬ್ಬಿಯ ದುಡ್ಡು. ಆಮೇಲೂ ಎಷ್ಟೋ ದಿನ ನನ್ನ ಊಟದ ಹೊತ್ತಿಗೆ ಆರ್ಬಿಟ್ ಬರುತ್ತಲೇ ಇತ್ತು. ಯಾರು ಕೇಳುತ್ತಿದ್ದರು ಅಂತ ಈಗ ಕೇಳಿಕೊಂಡರೆ, ಅವಳೇ. ಗಂಟಲು ಕಟ್ಟಿದವನನ್ನು.

2009ರ ಡಿಸೆಂಬರ್ ಕೊನೆಯ ವಾರದಲ್ಲಿ ಸುದ್ದಿ ಬಂತು. ದಿವಾಳಿಯಾದ ಕಂಪನಿಯ ಭಾರತದ ಭಾಗವನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಡಿಸೆಂಬರ್ 31ಕ್ಕೆ ಪ್ರಸಾರ ಬಂದ್. ಆಫೀಸಿನಲ್ಲಿ ಓದಿದೆ. ಮನೆಯಲ್ಲಿ ಹೇಳಬೇಕು ಅಂದುಕೊಂಡೆ. ವರ್ಷದ ಕೊನೆ, ಕೆಲಸ, ಗೆಳೆಯರು. 31ರ ರಾತ್ರಿ ಎಂ.ಜಿ. ರೋಡಿನ ಜನಜಂಗುಳಿಯಲ್ಲಿ ಇದ್ದೆ. ಮನೆಗೆ ಬಂದಾಗ ಎರಡು ಗಂಟೆ. ಬೆಳಿಗ್ಗೆ ಏಳಕ್ಕೆ ಎಚ್ಚರವಾದಾಗ ಏನೋ ಕಮ್ಮಿ ಅನ್ನಿಸಿತು. ಅಡುಗೆಮನೆಯಲ್ಲಿ ಕಾಫಿ ಪರಿಮಳ ಇತ್ತು, ಸದ್ದು ಇರಲಿಲ್ಲ. ಅಮ್ಮ ಸೆಟ್ಟಿನ ಮುಂದೆ ನಿಂತು ಇಂಗಿನ ಡಬ್ಬಿಯನ್ನು ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ ಸರಿಸುತ್ತಿದ್ದಳು. ಆಂಟೆನಾ ತಾರಸಿಗೆ ಹೋಗಿ ಒಂದೂವರೆ ವರ್ಷವಾಗಿತ್ತು. ಆದರೂ ಡಬ್ಬಿ ಸರಿಸುತ್ತಿದ್ದಳು. ಅಪ್ಪ ಮೇಲಿಂದ "ಬಂತಾ?" ಅಂದರು.

ಹಳೇ ರೇಡಿಯೋ ಆಗಿದ್ದರೆ ಕೊರಕೊರ ಅಂದು ಸುಳಿವಾದರೂ ಕೊಡುತ್ತಿತ್ತು. ಇದು ಬಹಳ ಮರ್ಯಾದಸ್ಥ ಯಂತ್ರ. ಸುಮ್ಮನಿತ್ತು.

ಹೇಳಿದೆ. ಕಂಪನಿ ಮುಚ್ಚಿತು, ಇನ್ನು ಬರೋಲ್ಲ ಅಂತ. ಅಪ್ಪ ತಾರಸಿಯಿಂದ ಇಳಿದು ಬಂದು ಕೇಳಿಸಿಕೊಂಡರು. ಅವರ ಫ್ಯಾಕ್ಟರಿಯೂ ಆಗ ಏದುಸಿರು ಬಿಡುತ್ತಿತ್ತು. ಅದನ್ನು ಪೂರ್ತಿ ಮುಚ್ಚುವ ತೀರ್ಮಾನ ಬಂದದ್ದು 2016ರಲ್ಲಿ. ಕೈಯಲ್ಲಿದ್ದ ವಾಚನ್ನು ಒಂದು ಸಲ ನೋಡಿಕೊಂಡರು. "ನಾವು ಮುಚ್ಕೊಂಡು ಹೋದ್ರೂ ಇದು ಓಡ್ತಿರುತ್ತೆ. ಇದೆಂಥಾ ಸಾಮಾನಪ್ಪ, ಅವರು ಹೋದ್ರೆ ಇದೂ ಹೋಗೋದು" ಅಂದರು. ಬೇಜಾರಿನಿಂದಲ್ಲ. ಕೆಲಸಗಾರನೊಬ್ಬ ಇನ್ನೊಬ್ಬ ಕೆಲಸಗಾರನ ಕೆಲಸ ನೋಡಿ ಹೇಳುವ ಹಾಗೆ. "ಗೊತ್ತಿತ್ತಾ ನಿಂಗೆ?" ಅಂತ ಅಮ್ಮ ಕೇಳಿದಳು. ಇವತ್ತೇ ಗೊತ್ತಾಯ್ತು ಅಂದೆ.

ನಾನು ನಕಲು ಮಾಡಿಕೊಂಡ ಹಾರ್ಡ್‌ಡಿಸ್ಕ್ ಮೂರು ವರ್ಷಕ್ಕೆ ಟಕ್ ಟಕ್ ಅಂತ ಸದ್ದು ಮಾಡಿ ನಿಂತುಹೋಯಿತು. ಅದು ನಿಜವಾಗಿ ಕೆಟ್ಟಿತ್ತು. ಅದನ್ನು ಯಾವ ಪೂಜೆಗೂ ಇಟ್ಟ ನೆನಪಿಲ್ಲ. ಈಗ ಫೋನಿನಲ್ಲಿ ಎಲ್ಲವೂ ಸಿಗುತ್ತದೆ. ಹುಬ್ಬಳ್ಳಿಯ ಹುಡುಗನ ಜೊತೆ ಹಾಡಿದ ಆ ಸಾಲೂ ಸಿಗುತ್ತದೆ, ಹೆಸರು, ವರ್ಷ, ಸಾಹಿತ್ಯ ಸಮೇತ. ಅಮ್ಮನಿಗೂ ಹಾಕಿಕೊಟ್ಟಿದ್ದೇನೆ. ಬೆಳಿಗ್ಗೆ ಅವಳಿಗೆ ಯಾರ ಕಛೇರಿ ಬೇಕು ಅಂತ ನಾನು ಕೇಳುತ್ತೇನೆ. "ಯಾರದಾದ್ರೂ ಹಾಕು, ಅವರೇ ಹಾಕ್ತಿದ್ರಲ್ಲ ಹಾಗೆ" ಅನ್ನುತ್ತಾಳೆ.

ಈ ಸಲದ ಆಯುಧಪೂಜೆಗೆ ಜಗಳ ಆಡಲಿಲ್ಲ. ಅಪ್ಪ ಇಲ್ಲದ ಮೇಲೆ ವಾಚಿಗೆ ಕೀ ಕೊಡುವ ಕೆಲಸ ನನ್ನದು. ಕೊಟ್ಟೆ, ಓಡಿತು. ಪಕ್ಕದಲ್ಲಿ ರೇಡಿಯೋದ ಪ್ಲಗ್ ಹಾಕಿದೆ. ದೀಪ ಹತ್ತಿತು. ಕುಂಕುಮ ಪರದೆಯ ಗಾಜಿನ ಮೇಲೇ ಬಿದ್ದಿತ್ತು. ಒರೆಸಲು ಹೋದೆ. "ಒರೆಸ್ಬೇಡ, ಸಂಜೆವರೆಗೂ ಇರ್ಲಿ" ಅಂದಳು. ಕೆಂಪು ಬೊಟ್ಟಿನ ಹಿಂದೆ ಅಕ್ಷರಗಳು ಸಿಗ್ನಲ್ ಹುಡುಕುತ್ತ ಕೂತವು. ನಾನು ಗಾಡಿ ತೊಳೆದು, ನಿಂಬೆಹಣ್ಣು ಹತ್ತಿಸಿ ವಾಪಸ್ ಬರುವಷ್ಟರಲ್ಲಿ ಅಮ್ಮನೇ ಪ್ಲಗ್ ಕಿತ್ತಿಟ್ಟಿದ್ದಳು. ಸುಮ್ನೆ ಕರೆಂಟ್ ಯಾಕೆ ಅಂತ.